ಗಾಳೆಮ್ಮನ ಕೈಯ ನೇರಳೆ ಗೀಟು

ಗಾಳೆಮ್ಮನಿಗೆ ನಾನು ಸೂಜಿ ಹಾಕಿರಲಿಲ್ಲ. ಹಾಕಿದ್ದೇನೆಂದು ಸುಳ್ಳು ಹೇಳಿದೆ. ಆಕೆ ಕೂಗಿದಾಗ ಬಾಯಿ ಒತ್ತಿ ಹಿಡಿದೆ, ಕೆನ್ನೆಗೆ ಬಾರಿಸಿದೆ, ಮರಗಟ್ಟದ ಹೊಟ್ಟೆಯನ್ನು ಕೊಯ್ಯಲು ಬಿಟ್ಟೆ. ಇಷ್ಟು ಬರೆಯಲು ನನಗೆ ಹನ್ನೆರಡು ವರ್ಷ ಹಿಡಿಯಿತು — ಬರೆದ ಮೇಲೂ ಮನಸ್ಸು ಹಗುರಾಗಲಿಲ್ಲ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಆಪರೇಷನ್ ಥಿಯೇಟರಿನ ಕೆಲಸ ಕಲಿಸುವ ಮೇಷ್ಟ್ರು. ಡಾಕ್ಟರ ಕೈಗೆ ಯಾವ ಸಲಕರಣೆ ಯಾವಾಗ ಕೊಡಬೇಕು, ಯಾವುದನ್ನು ಎಷ್ಟು ಹೊತ್ತು ಕುದಿಸಬೇಕು, ರೋಗಿಯನ್ನು ಟೇಬಲ್ಲಿನ ಮೇಲೆ ಹೇಗೆ ಮಲಗಿಸಿ ಹಿಡಿಯಬೇಕು — ಇದೇ ನನ್ನ ವಿದ್ಯೆ, ಇದೇ ನನ್ನ ಅನ್ನ. ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಅದೇನೆಂದು ಕೇಳುತ್ತಾರೆ. ನಾಯಿ ಕಚ್ಚಿತ್ತು ಎನ್ನುತ್ತೇನೆ. ಅಂದರೆ ವರ್ಷಕ್ಕೊಮ್ಮೆ ಗಾಳೆಮ್ಮನನ್ನು ನಾಯಿ ಎಂದಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಒಬ್ಬ ಸರ್ಜನ್ನರ ಹಿಂದೆ ಊರೂರು ಸುತ್ತುತ್ತಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ — ಎಲ್ಲಿ ಸಂತಾನಹರಣ ಶಿಬಿರವೋ ಅಲ್ಲಿ ನಾವು. ತಪ್ಪು ಸಲಕರಣೆ ಕೊಟ್ಟರೆ ಅವರು ಅದರಿಂದಲೇ ನನ್ನ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಗ್ಲೌಸಿನೊಳಗೆ ರಕ್ತ ಬಂದರೂ ಮುಖ ಕಿವುಚುವಂತಿರಲಿಲ್ಲ. ಹಾಗೇ ಕೆಲಸ ಕಲಿತೆ. ನೋವೆಂದರೆ ಲಕ್ಷ್ಯ ಕೊಡಬೇಕಾದ ಸಂಗತಿಯಲ್ಲ ಎಂಬುದನ್ನೂ ಅದರ ಜೊತೆಗೇ ಕಲಿತುಬಿಟ್ಟೆ.

ಆ ದಿನ ತಂಬ್ರಹಳ್ಳಿ ಕಡೆಯ ಒಂದು ಊರಿನ ಶಾಲೆಯಲ್ಲಿ ಶಿಬಿರ. ಹೊರಗಿನ ಕೋಣೆಯಲ್ಲಿ ಹೆಂಗಸರಿಗೆ ಹೊಕ್ಕುಳ ಕೆಳಗೆ ಮರಗಟ್ಟಿಸುವ ಸೂಜಿ ಹಾಕುವುದು ನನ್ನ ಪಾಲಿನ ಕೆಲಸ. ಹಾಕಿದ ಮೇಲೆ ಅವರ ಮುಂಗೈಗೆ, ಗಾಯಕ್ಕೆ ಹಚ್ಚುವ ನೇರಳೆ ಔಷಧಿಯಿಂದ ಒಂದು ಗೀಟು ಎಳೆಯಬೇಕು. ಗೀಟು ಕಂಡರೆ ಒಳಗೆ ಟೇಬಲ್ಲಿಗೆ ಹತ್ತಿಸುತ್ತಾರೆ. ಸೂಜಿ ಮೊದಲು, ಗೀಟು ಆಮೇಲೆ — ಅದು ನಿಯಮ. ನಾನು ಮಹಾ ಜಾಣ. ಸಾಲಾಗಿ ಮಲಗಿದವರಿಗೆಲ್ಲ ಮೊದಲು ಗೀಟು ಎಳೆದುಬಿಟ್ಟು, ಬಳಿಕ ಒಂದೇ ಓಟದಲ್ಲಿ ಸೂಜಿ ಹಾಕುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು, ಡಾಕ್ಟರು ಮೆಚ್ಚುತ್ತಿದ್ದರು.

ಸಾಲಿನ ಕೊನೆಯವಳು ಗಾಳೆಮ್ಮ. ಎಳೆಯ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬಂದು ಮಲಗಿದ್ದಳು. ಗೀಟು ಎಳೆದಾಗಿತ್ತು. ಸೂಜಿ ಹಿಡಿದು ಆಕೆಯ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಡಾಕ್ಟರು ಕರೆದರು — ಟೇಬಲ್ಲಿನ ಹತ್ತಿರ ಇದ್ದವನು ತಲೆಸುತ್ತಿ ಬಿದ್ದಿದ್ದಾನೆ, ನೀನು ಬಾ ಎಂದು. ಸೂಜಿ ತಟ್ಟೆಯಲ್ಲಿಟ್ಟು ಓಡಿದೆ.

ಸ್ವಲ್ಪ ಹೊತ್ತಿಗೆ, ಸರದಿ ನೋಡದೆ ಗೀಟಷ್ಟೇ ನೋಡಿ ಯಾರೋ ಆಕೆಯನ್ನು ಒಳಗೆ ತಂದರು. ಕೈ ಕಟ್ಟಿದೆವು. ತಲೆ ಕೆಳಗಾಗುವಂತೆ ಟೇಬಲ್ಲು ಬಾಗಿಸಿದೆವು. ಕತ್ತಿ ತಾಗಿದ್ದೇ ತಡ, ಆಕೆ ಇಡೀ ಟೇಬಲ್ಲು ಅಲುಗುವಂತೆ ಸೆಟೆದಳು.

"ನನಗ ಸೂಜಿ ಹಾಕಿಲ್ರಿ ಸಾಹೇಬ್ರ. ನನಗ ಹಾಕಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ಗಡಿಬಿಡಿಯಲ್ಲಿ ಮರೆತಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ — ಇಲ್ಲ. ಆ ಕ್ಷಣದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಹೌದು, ಹಾಕಿಲ್ಲ ಎಂದಿದ್ದರೆ ಸೂಜಿ ಹಾಕಲು ಎರಡು ನಿಮಿಷ ಸಾಕಿತ್ತು. ಆದರೆ ಹೌದು ಎಂದವನನ್ನು ಡಾಕ್ಟರು ಮರುದಿನ ಜೊತೆಗೆ ಕರೆದೊಯ್ಯುತ್ತಿರಲಿಲ್ಲ.

"ಹಾಕೀನ್ರಿ ಸರ್. ಕೈ ಮ್ಯಾಲ ಗುರ್ತು ಐತಿ ನೋಡ್ರಿ. ನಾಟಕ ಮಾಡ್ತಾಳ."

ಡಾಕ್ಟರು ಮುಂದುವರಿಸಿದರು. ಹೊಟ್ಟೆಗೆ ಗಾಳಿ ತುಂಬಿದರು, ಮೊನೆಯಿರುವ ಉಕ್ಕಿನ ಕೊಳವೆಯನ್ನು ಮೈಭಾರ ಹಾಕಿ ಒಳಗೆ ಒತ್ತಿದರು. ಆಕೆಯ ಚೀರಾಟ ಕೇಳಿ ಹೊರಗೆ ಮಲಗಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಾನು ಅಂಗೈಯಿಂದ ಬಾಯಿ ಮುಚ್ಚಿದೆ. ಕಚ್ಚಿದಳು — ಹಲ್ಲು ಎಲುಬಿಗೆ ತಾಗಿತು. ಎಡಗೈಯಿಂದ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ, ಮತ್ತೆ. ತುಟಿ ಒಡೆಯಿತು. ತಲೆ ಕೆಳಗಾಗಿತ್ತಲ್ಲ — ನನ್ನ ರಕ್ತ, ಆಕೆಯ ರಕ್ತ ಎರಡೂ ಕೆನ್ನೆಯಿಂದ ಕಿವಿಗೆ ಹರಿದು ಕೂದಲೊಳಗೆ ಇಳಿದವು. ಆಕೆ ಕಣ್ಣು ಮುಚ್ಚಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು.

ಹಾಗೆ ನನ್ನ ಬದುಕು ಕುದುರಿತು. "ಕೈ ಗಟ್ಟಿ ಐತಲೇ ನಿಂದು" ಎಂದು ಡಾಕ್ಟರು ಬೆನ್ನು ತಟ್ಟಿದರು. ಹರಪನಹಳ್ಳಿಯಲ್ಲಿ ಅವರು ನರ್ಸಿಂಗ್ ಹೋಮ್ ತೆರೆದಾಗ ನಾನೇ ಮೊದಲ ಸಹಾಯಕನಾದೆ. ಸರ್ಟಿಫಿಕೇಟ್ ಪಡೆದೆ, ಆಮೇಲೆ ಕಲಿಸಲು ಬಂದೆ. ಕಲಿಸಿದ್ದಾದರೂ ಏನು? ರೋಗಿಯ ಕೂಗಿನಲ್ಲಿ ಅರ್ಧ ನಾಟಕ, ಹಿಡಿತ ಸಡಿಲಿಸಬೇಡಿ ಎಂದು ಕಲಿಸಿದೆ. ತಪ್ಪಿದವರ ಗೆಣ್ಣಿಗೆ ನಾನೂ ಕುಟ್ಟಿದೆ.

ಕಳೆದ ವಾರ ರೇಣುಕಾ ಎಂಬ ವಿದ್ಯಾರ್ಥಿನಿಯನ್ನು ಟೇಬಲ್ಲಿನ ಮೇಲೆ ಮಲಗಿಸಿ, ಒದ್ದಾಡುವ ರೋಗಿಯನ್ನು ಹಿಡಿಯುವುದು ಹೇಗೆಂದು ತೋರಿಸುತ್ತಿದ್ದೆ. ಮಣಿಕಟ್ಟು ತಿರುಚಿ ಹಿಡಿದಿದ್ದೆ. ನೋವಾಗುತ್ತದೆ ಸರ್ ಎಂದಳು. ಪಕ್ಕದಲ್ಲಿದ್ದ ಮಂಜುನಾಥ, "ನಾಟಕ ಮಾಡ್ತಾಳ್ರಿ ಸರ್, ಬಿಡಬ್ಯಾಡ್ರಿ" ಎಂದ. ಎಲ್ಲರೂ ನಕ್ಕರು. ನನ್ನ ತಲೆಗೆ ಏನೇರಿತೋ — ಪಕ್ಕದಲ್ಲಿದ್ದ ಇಕ್ಕಳ ಎತ್ತಿ ಅವನ ಬೆರಳಿಗೆ ಹೊಡೆದೆ, ಚರ್ಮ ಕಿತ್ತು ರಕ್ತ ಬರುವವರೆಗೂ ಹೊಡೆದೆ. ಅವನು ಕೈಯನ್ನು ಎದೆಗೆ ಅವುಚಿಕೊಂಡು ಒಂದೇ ಮಾತು ಕೇಳಿದ.

"ನೀವ ಕಲಿಸಿದ್ದಲ್ರಿ ಸರ್?"

ಮರುದಿನ ತಂಬ್ರಹಳ್ಳಿ ಕಡೆಯ ಬಸ್ಸು ಹತ್ತಿದೆ. ಆ ಊರಲ್ಲಿ ಇಳಿದು, ಚಹಾದ ಅಂಗಡಿಯಲ್ಲಿ ಗಾಳೆಮ್ಮನ ಮನೆ ಕೇಳಿದೆ. ಯಾವ ಗಾಳೆಮ್ಮ, ಕಚ್ಚೋ ಗಾಳೆಮ್ಮನಾ ಎಂದು ಒಬ್ಬ ಮುದುಕ ನಕ್ಕ. ಅಲ್ಲಿದ್ದವರೂ ನಕ್ಕರು. ನನ್ನ ಕೈಯಲ್ಲಿದ್ದ ಗುರುತನ್ನು ನಾನು ಅಡಗಿಸಿಟ್ಟುಕೊಂಡೆ, ಆಕೆಯ ಗುರುತು ಇಡೀ ಊರ ಬಾಯಲ್ಲಿತ್ತು. ಶಿಬಿರದಿಂದ ಮನೆಗೆ ಹೋದ ಮೇಲೆ, ಡಾಕ್ಟರ ಮಂದಿಯನ್ನು ಕಚ್ಚಿ ಮಾನ ಕಳೆದಳೆಂದು ಗಂಡ ಹೊಲಿಗೆ ಹರಿಯುವ ಹಾಗೆ ಒದ್ದನಂತೆ. ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತವರು ತಮಾಷೆಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಂತೆ. ಆಕೆ ಊಟಕ್ಕೆ ಹೋಗುವುದನ್ನೇ ಬಿಟ್ಟಳಂತೆ. ಶಾಲೆಯಲ್ಲಿ ಮಗಳನ್ನೂ ಕಚ್ಚವ್ವನ ಮಗಳು ಎನ್ನುತ್ತಾರೆ. ಇದನ್ನೆಲ್ಲ ಹೇಳಿದ್ದು ಆ ಮಗಳೇ, ಮನೆಯ ಬಾಗಿಲಲ್ಲಿ ನಿಂತು, ನಾನು ಯಾರೆಂದು ತಿಳಿಯದೆ.

ಅಷ್ಟರಲ್ಲಿ ಗಾಳೆಮ್ಮ ಜೋಳದ ಬುಟ್ಟಿ ಹೊತ್ತು ಹೊರಗೆ ಬಂದಳು. ನನ್ನ ಮುಖವನ್ನಲ್ಲ, ಕೈ ನೋಡಿ ಗುರುತು ಹಿಡಿದಳು. ಕೂರಲು ಹೇಳಲಿಲ್ಲ. ನಾನು ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ — ಗೀಟು, ಸೂಜಿ, ಸುಳ್ಳು. ತಪ್ಪಾಯಿತು ಅಕ್ಕಾ ಎಂದೆ. ಆಕೆ ಬುಟ್ಟಿ ಕೆಳಗಿಡದೆ ಕೇಳಿಸಿಕೊಂಡಳು.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತೈತಿ. ಗೊತ್ತಿಲ್ಲದೋರಿಗೆ ಹೇಳ್ರಿ."

ಎಲ್ಲಿ ಹೇಳಲಿ ಎಂದೆ. ಹಿಟ್ಟಿನ ಗಿರಣಿಯ ಮುಂದೆ, ಅಂದು ಬಾಗಿಲಲ್ಲಿ ನಿಂತು ನೋಡಿದ ಹೆಂಗಸರೆಲ್ಲ ಬೆಳಿಗ್ಗೆ ಅಲ್ಲಿಗೇ ಬರುತ್ತಾರೆ ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಗದ್ದಲದಾಗ ಕೇಳಂಗಿಲ್ಲ. ಗಿರಣಿ ನಿಂದ್ರಿಸಿ ಹೇಳ್ರಿ."

ಆ ದಿನ ಬಾಯಿ ಬರಲಿಲ್ಲ, ಗಿರಣಿಯ ಮುಂದಿನಿಂದಲೇ ಬಸ್ಸಿಗೆ ನಡೆದುಬಿಟ್ಟೆ. ಅದಕ್ಕೂ ನಾಚುತ್ತೇನೆ. ಇವತ್ತು ತರಗತಿಯಲ್ಲಿ, ಬೆರಳಿಗೆ ಪಟ್ಟಿ ಕಟ್ಟಿಕೊಂಡ ಮಂಜುನಾಥನ ಎದುರು, ರೇಣುಕಾಳ ಎದುರು, ಇದು ನಾಯಿ ಕಚ್ಚಿದ್ದಲ್ಲ ಎಂದು ಕೈ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಕ್ಷಮೆ ಕೇಳಿದಾಗ ಮಂಜುನಾಥ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ಬಾಯಿ ತಪ್ಪಿ ಮತ್ತೊಂದು ಸುಳ್ಳು ನುಸುಳಬಾರದೆಂದೇ ಇದನ್ನು ಬರೆದದ್ದು — ಅಲ್ಲಿ ಇದನ್ನೇ ಓದುತ್ತೇನೆ. ಮೊದಲು ಗಿರಣಿ ನಿಲ್ಲಿಸಲು ಹೇಳುತ್ತೇನೆ.