ಪಿಕಪ್ಪಿನ ಎಡಬದಿಯ ಟಯರು

ಮಂಗಳೂರಿನ ನಂತೂರಿನಲ್ಲಿ ಬಸ್ಸಿಗೆ ಕಾಯುತ್ತ ಟಯರ್ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಎದುರಿದ್ದ ಮೀನಿನ ಪಿಕಪ್ಪು ಬಿಳಿಯದೋ ಬೂದು ಬಣ್ಣದ್ದೋ, ಆಮೇಲೆ ಬಸ್ಸಿನಲ್ಲಿ ಕುಳಿತು ಇದನ್ನು ಬರೆಯುವಾಗಲೇ ಅನುಮಾನ. ಮುಂದಿನ ಎಡ ಟಯರಿನ ಪಕ್ಕೆಯಲ್ಲಿ ಎದ್ದಿದ್ದ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬು ಮಾತ್ರ ಖಚಿತ.

“ಹೊಟ್ಟೆ ಬಂದಿದೆ. ಇದರಲ್ಲಿ ಘಾಟಿ ಹತ್ತಬೇಡಿ ಲಾರೆನ್ಸರೇ, ಈ ಅಳತೆಯ ಬೇರೆ ಟಯರು ಬರುವಾಗ ಸಂಜೆ ಆಗ್ತದೆ,” ಎಂದರು ಅಂಗಡಿಯ ಹಮೀದ್. “ಹೊಸ ಟಯರಿಗೂ ಹೀಗೆ ಆಗ್ತದೆ ಅಂತ ತುಂಬಾ ಪಿಕಪ್ಪಿನವರು ಹೇಳ್ತಾರೆ.”

ಗಾಡಿಯ ಮಾಲೀಕ ಲಾರೆನ್ಸ್, ಎಡ ಸೀಟಿನಲ್ಲಿ ಕುಳಿತಿದ್ದ ಹೆಂಡತಿಯನ್ನು ನೋಡಿದರು. “ನಿಂತರೆ ಮೀನು ಹಾಳಾಗ್ತದೆ. ಇದನ್ನು ಬಲಕ್ಕೆ ಹಾಕಿ, ನನ್ನ ಬದಿಗೆ.”

“ಒಡೆದರೆ ಗಾಡಿಗೆ ನಿಮ್ಮ ಬದಿ, ಅವರ ಬದಿ ಅಂತ ಉಂಟಾ ಮಾರಾಯ್ರೆ?” ಎಂದರು ಹಮೀದ್.

ಲಾರೆನ್ಸರ ಹೆಂಡತಿ ಕೈಚಾಚಿ ಗಾಡಿಯ ಕೀ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದರು.

“ಇಲ್ಲಿ ಹತ್ತಿರ ಐಸ್ ಎಲ್ಲಿ ಸಿಗ್ತದೆ?” ಎಂದು ಹಮೀದರನ್ನು ಕೇಳಿದರು.