ಪಕ್ಕದ ಸೀಟಿನ ಮಾರ್ಲಿಸ್

ಮಾರ್ಲಿಸ್ ಬೂನ್‌ಸ್ಟ್ರಾ ಜೋರಾಗಿ ಮಾತಾಡಿದ್ದನ್ನು ನಮ್ಮೂರಲ್ಲಿ ಕೇಳಿದವರಿಲ್ಲ. ಐಯೋವಾದ ಈ ವಾಯವ್ಯ ಮೂಲೆಯಲ್ಲಿ ಅದೇನು ದೊಡ್ಡ ಗುಣವಲ್ಲ, ಇಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಹಂದಿದೊಡ್ಡಿಗೆ ಬೆಂಕಿ ಬಿದ್ದರೂ ‘ಇವತ್ತು ಸ್ವಲ್ಪ ಹೊಗೆ ಜಾಸ್ತಿ’ ಅನ್ನುವ ಜನ ನಾವು. ಡಚ್ಚರ ಮೊಮ್ಮಕ್ಕಳು, ಮನೆಯ ಮಾತು ಹೊಸಿಲು ದಾಟಬಾರದು ಅನ್ನುವುದನ್ನು ಹಾಲಿನ ಜೊತೆಗೇ ಕುಡಿದವರು. ಮಾರ್ಲಿಸ್ ಎಲ್ಲರಿಗಿಂತ ಒಂದು ಲೋಟ ಹೆಚ್ಚೇ ಕುಡಿದಿದ್ದಳು.

ಹಂದಿ ಸಾಕುವವರ ಮನೆಯ ಮೂರನೆಯ ಮಗಳು ಅವಳು. ಮದುವೆಯಾದ ಮೇಲೆ ಶಾಲೆಯ ಅಡುಗೆಮನೆ ಸೇರಿದಳು. ಕಾಳು, ಮಾಂಸ ಹಾಕಿ ಕುದಿಸಿದ ಚಿಲ್ಲಿ ಅನ್ನುವ ಖಾರದ ಸಾರು, ಅದರ ಪಕ್ಕದಲ್ಲಿ ಸಿಹಿಯಾದ ದಾಲ್ಚಿನ್ನಿ ರೋಲು. ಬೇರೆ ಸೀಮೆಯವರು ಕೇಳಿದರೆ ಮೂಗು ಮುರಿಯುತ್ತಾರೆ, ಮುರಿಯಲಿ. ಅವಳ ಕೈಯ ರೋಲು ತಿಂದು ಬೆಳೆದವರು ಇವತ್ತಿಗೂ ಅಂಗಡಿಯಲ್ಲಿ ಕಂಡರೆ ತಬ್ಬಿಕೊಳ್ಳುತ್ತಾರೆ. ಗಂಡ ವರ್ಲಿನ್ ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದ. ಹಿಮ ಸುರಿದು ಹೊಲ ಯಾವುದು ರಸ್ತೆ ಯಾವುದು ತಿಳಿಯದ ದಿನಗಳಲ್ಲೂ ಒಂದು ಮಗುವಿನ ಮೊಣಕಾಲು ತರಚಲು ಬಿಟ್ಟವನಲ್ಲ. ನಿವೃತ್ತಿಯ ದಿನ ಶಾಲೆಯವರು ಅವನಿಗೊಂದು ಫಲಕ ಕೊಟ್ಟರು. ಅದೇ ವರ್ಷ ನಿವೃತ್ತಳಾದ ಮಾರ್ಲಿಸ್‌ಗೆ ಒಂದು ಹೂಕುಂಡ ಸಿಕ್ಕಿತು.

ಆಮೇಲೆ ಬಂತು ಮನೆಗಾಡಿ. ಒಳಗೇ ಮಂಚ, ಒಲೆ, ಬಚ್ಚಲು ಎಲ್ಲ ಇರುವ, ಬಸ್ಸಿನಷ್ಟೇ ಉದ್ದದ ಗಾಡಿ. ತಂದ ಹೊಸದರಲ್ಲಿ ವರ್ಲಿನ್ ಚರ್ಚಿನ ಬಯಲಲ್ಲಿ ಅವಳಿಗೂ ಓಡಿಸುವುದು ಕಲಿಸಲು ನೋಡಿದ. ಅವಳು ಒಂದು ದೀಪದ ಕಂಬಕ್ಕೆ ತಾಗಿಸಿದಳು. ಕಂಬಕ್ಕೆ ಏನೂ ಆಗಿರಲಿಲ್ಲ. ಆದರೆ ಪ್ರಾರ್ಥನೆಯ ನಂತರದ ಕಾಫಿಯ ಹೊತ್ತಿನಲ್ಲಿ ವರ್ಲಿನ್ ಆ ಕಥೆ ಹೇಳಿದ್ದೇ ಹೇಳಿದ್ದು, ವರ್ಷ ಕಳೆದಂತೆ ಕಂಬ ಇನ್ನಷ್ಟು ಬಾಗುತ್ತ ಹೋಯಿತು. ಎಲ್ಲರ ಜೊತೆ ಮಾರ್ಲಿಸ್ಸೂ ನಕ್ಕಳು. ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ.

ಪ್ರತಿ ಬೇಸಿಗೆಗೂ ಅವರು ಪಶ್ಚಿಮಕ್ಕೆ ಹೊರಡುತ್ತಿದ್ದರು. ಗಾಡಿಗಳ ತಂಗುದಾಣಗಳಲ್ಲಿ ಸಂಜೆಯ ಮನರಂಜನೆ ಏನು ಗೊತ್ತೇ? ಹೊಸದಾಗಿ ಬಂದವರು ಗಾಡಿಯನ್ನು ಹಿಂದಕ್ಕೆ ಓಡಿಸಿ ತಮ್ಮ ಜಾಗಕ್ಕೆ ಸೇರಿಸುವುದನ್ನು ನೋಡುವುದು. ಎಲ್ಲರೂ ಮಡಿಸುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬಿಯರು ಹಿಡಿದು, ನೋಡದವರಂತೆ ನೋಡುತ್ತಾರೆ. ಹೆಂಡತಿ ಹಿಂದೆ ನಿಂತು ‘ಎಡಕ್ಕೆ, ಅಯ್ಯೋ ನಿನ್ನ ಎಡ ಅಲ್ಲ, ನನ್ನ ಎಡ’ ಅಂತ ಕಿರುಚುತ್ತಾಳೆ, ಗಂಡ ಕಿಟಕಿಯಿಂದ ತಲೆ ಹಾಕಿ ಬೈಯುತ್ತಾನೆ. ಎಷ್ಟೋ ಸಂಸಾರಗಳ ಒಳಗುಟ್ಟು ಹೊರಬೀಳುವುದೇ ಅಲ್ಲಿ. ಬೂನ್‌ಸ್ಟ್ರಾ ದಂಪತಿ ಮಾತ್ರ ಒಂದೂ ಮಾತಾಡದೆ ಗಾಡಿ ನಿಲ್ಲಿಸುತ್ತಿದ್ದರು. ಮಾರ್ಲಿಸ್ ಹಿಂದೆ ನಿಂತು ಕೈಸನ್ನೆ ಮಾಡುವಳು, ವರ್ಲಿನ್ ಕನ್ನಡಿಯಲ್ಲಿ ನೋಡಿ ಒಂದೇ ಸಲಕ್ಕೆ ಸೇರಿಸುವನು. ಎರಡು ಕೈ ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲಿಸು ಅಂತ. ಕುರ್ಚಿಗಳಿಂದ ಗಂಡಸರು ತಲೆದೂಗುವರು. ವರ್ಲಿನ್‌ಗೆ ಆ ತಲೆದೂಗುವಿಕೆಯ ಮುಂದೆ ಶಾಲೆಯ ಫಲಕ ಏನೂ ಅಲ್ಲ.

ಈ ವರ್ಷ ವಸಂತದಲ್ಲಿ ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ. ‘ನಡುವಿನ ನೋಟ ಹೋಗ್ತಾ ಇದೆ ವರ್ಲಿನ್. ಅಂಚಲ್ಲಿ ಕಾಣತ್ತೆ, ನೇರ ನೋಡಿದ್ದು ಕಾಣಲ್ಲ. ಇನ್ನು ಗಾಡಿ ಸಾಕು.’

ವಾಪಸು ಬರುವಾಗ ಕಾರನ್ನು ಮಾರ್ಲಿಸ್ ಓಡಿಸಿದಳು. ವರ್ಲಿನ್ ಜೋಳದ ಹೊಲಗಳತ್ತ ಮುಖ ಮಾಡಿ ಕೂತಿದ್ದ.

‘ಬಸ್ಸಲ್ಲಿ ದಿನಾ ವಾಂತಿ ಮಾಡ್ಕೊಳ್ತಿದ್ದ ಹುಡುಗ ಅವನು. ನಂಗೆ ಬುದ್ಧಿ ಹೇಳ್ತಾನೆ.’

‘ಅವನು ಡಾಕ್ಟ್ರು ಈಗ.’

‘ಇದೊಂದು ಬೇಸಿಗೆ ಮಾರ್ಲಿಸ್. ಕೊನೇದು. ನೀನು ಪಕ್ಕದಲ್ಲಿ ಕೂತು ಹೇಳ್ತಾ ಹೋಗು, ನಾನು ತಿರುಗಿಸ್ತಾ ಹೋಗ್ತೀನಿ. ನಿನ್ನ ಕಣ್ಣು, ನನ್ನ ಕೈ.’

‘ಟ್ರೇಸಿಗೆ ಹೇಳೋಣ್ವಾ?’ ಟ್ರೇಸಿ ಅವರ ಒಬ್ಬಳೇ ಮಗಳು, ಒಮಾಹಾದಲ್ಲಿ ನರ್ಸು.

‘ಅವಳಿಗೆ ಹೇಳಿದ್ರೆ ಸಂಜೆಯೊಳಗೆ ಬಂದು ಕೀಲಿಕೈ ಕಿತ್ಕೊಂಡು ಹೋಗ್ತಾಳೆ. ಹೇಳ್ತೀಯಾ?’

ಮಾರ್ಲಿಸ್ ಹೇಳಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ವರ್ಲಿನ್ ಒದೆಯುವವನಲ್ಲ, ಸುಮ್ಮನೆ ಕುಗ್ಗಿಹೋಗುವವನು. ಅದನ್ನು ನೋಡುವುದಕ್ಕಿಂತ ಒದೆಯೇ ವಾಸಿ ಅನ್ನಿಸಿತು ಅವಳಿಗೆ. ಅಲ್ಲಿ ಅವಳು ತಪ್ಪಿದಳು, ಅದನ್ನು ನಾನು ಮುಚ್ಚಿಟ್ಟು ಹೇಳುವುದಿಲ್ಲ.

ಜೂನ್ ಕೊನೆಗೆ ಹೊರಟರು. ದಕ್ಷಿಣ ಡಕೋಟಾದ ಉದ್ದಕ್ಕೂ ಮಾರ್ಲಿಸ್ ಕಿಟಕಿಯಾಚೆ ಏನನ್ನೂ ನೋಡಲಿಲ್ಲ, ರಸ್ತೆಯೊಂದನ್ನೇ ನೋಡಿದಳು. ‘ಮುಂದೆ ಲಾರಿ. ನಿಧಾನ. ಇನ್ನೂ ನಿಧಾನ. ಸ್ವಲ್ಪ ಎಡಕ್ಕೆ. ಸಾಕು.’ ಬೆಳಗಿನಿಂದ ಸಂಜೆಯವರೆಗೆ ಇದೇ ಮಂತ್ರ. ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳಲೂ ಹೆದರಿಕೆ, ಬಾಯಿ ತುಂಬಿರುವಾಗಲೇ ಏನಾದರೂ ಅಡ್ಡ ಬಂದರೆ? ರಾತ್ರಿ ಮಲಗಿದರೂ ಅವಳ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ವರ್ಲಿನ್ ಮಾತ್ರ ಹತ್ತು ವರ್ಷ ಚಿಕ್ಕವನಾದಂತಿದ್ದ. ಶಿಳ್ಳೆ ಹಾಕುತ್ತಿದ್ದ. ‘ನೋಡಿದ್ಯಾ, ಒಂದು ಗೀರು ಇಲ್ಲ’ ಅನ್ನುತ್ತಿದ್ದ. ತಂಗುದಾಣಗಳಲ್ಲಿ ಅವಳು ಹುಡುಕಿ ಹುಡುಕಿ, ಮುಂದಿನಿಂದ ಹೊಕ್ಕು ಮುಂದಿನಿಂದಲೇ ಹೊರಡುವ ಜಾಗಗಳನ್ನೇ ಕಾದಿರಿಸಿದ್ದಳು. ಹಿಂದಕ್ಕೆ ಓಡಿಸುವ ಗೊಡವೆಯೇ ಬೇಡ ಅಂತ.

ವಯೋಮಿಂಗಿನಲ್ಲಿ, ಬಿಗ್ ಹಾರ್ನ್ ಬೆಟ್ಟ ಇಳಿಯುವ ಮುಂಚೆ, ರಸ್ತೆ ರಿಪೇರಿ ನಡೆದಿತ್ತು. ಮಾರ್ಲಿಸ್ ಒಂದೇ ಒಂದು ಸಲ ನೀರಿನ ಬಾಟಲಿಗೆ ಬಗ್ಗಿದಳು. ಎದ್ದಾಗ ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು ನಡುರಸ್ತೆಯಲ್ಲಿ ‘ನಿಲ್ಲಿ’ ಅಂತ ಬರೆದ ಹಲಗೆ ಹಿಡಿದು ನಿಂತಿದ್ದಳು. ನೇರ ಮುಂದೆ, ವರ್ಲಿನ್‌ಗೆ ಕಾಣದ ಜಾಗದಲ್ಲೇ.

‘ನಿಲ್ಸು! ವರ್ಲಿನ್, ನಿಲ್ಸು!’

ಅವನು ಬ್ರೇಕು ತುಳಿದ. ಒಳಗಿನ ಕಪಾಟುಗಳೆಲ್ಲ ಬಾಯಿ ತೆರೆದು ತಟ್ಟೆಗಳು ಉರುಳಿದವು. ಹುಡುಗಿ ಹಲಗೆ ಬಿಸಾಕಿ ಚರಂಡಿಗೆ ಹಾರಿದ್ದಳು. ಎದ್ದು ಮೊಣಕೈ ಒರೆಸಿಕೊಳ್ಳುತ್ತ ಅವಳು ಗಾಡಿಯ ಗಾಜಿನತ್ತ ನೋಡಿದಳು. ಹೆದರಿದ ಮುಖ, ಮೂಗಿನ ಮೇಲೆಲ್ಲ ಬಿಸಿಲ ಮಚ್ಚೆ. ಆ ಮುಖ ಮಾರ್ಲಿಸ್‌ಳ ಮನಸ್ಸಲ್ಲಿ ನೆಟ್ಟುಹೋಯಿತು.

‘ನಾಯಿನಾ?’ ಕೇಳಿದ ವರ್ಲಿನ್.

‘ಹುಡುಗಿ.’

ಅವನು ಸ್ಟೀರಿಂಗು ಬಿಟ್ಟು ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅಂದ, ‘ನೀನು ಮೊದ್ಲೇ ಹೇಳ್ಬೇಕಿತ್ತು.’

ಬೆಟ್ಟ ಇಳಿಯುವ ಉದ್ದಕ್ಕೂ ಮಾರ್ಲಿಸ್ ರಸ್ತೆ ಹೇಳುತ್ತಲೇ ಇದ್ದಳು, ಒಳಗೊಳಗೆ ಒಂದು ನಿರ್ಧಾರ ಗಟ್ಟಿ ಮಾಡಿಕೊಳ್ಳುತ್ತಲೂ ಇದ್ದಳು. ಇವತ್ತು ಗಾಡಿ ನಿಂತ ತಕ್ಷಣ ಟ್ರೇಸಿಗೆ ಫೋನು. ಅವನು ಕುಗ್ಗಲಿ, ಮುನಿಸಿಕೊಳ್ಳಲಿ, ಸಾಯುವವರೆಗೂ ಮಾತು ಬಿಡಲಿ. ಯಾರದೋ ಮಗಳನ್ನು ಕೊಂದು ಬದುಕುವುದು ತನ್ನಿಂದಾಗದು.

ಬೆಟ್ಟದ ಬುಡದ ತಂಗುದಾಣದಲ್ಲಿ ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ಜನಜಂಗುಳಿ. ಅವಳು ಕಾದಿರಿಸಿದ್ದ ಜಾಗವನ್ನು ಬೇರೆ ಯಾರಿಗೋ ಕೊಟ್ಟಿದ್ದರು. ಉಳಿದಿದ್ದು ಒಂದೇ, ಹಿಂದಕ್ಕೆ ಓಡಿಸಿ ಸೇರಿಸಬೇಕಾದ ಕೊನೆಯ ಜಾಗ. ಸುತ್ತಲೂ ಕುರ್ಚಿಗಳು, ಕುರ್ಚಿ ತುಂಬ ಜನ.

‘ಫೋನು ಸ್ಪೀಕರಿಗೆ ಹಾಕಿ ಜೇಬಲ್ಲಿಟ್ಕೋ ವರ್ಲಿನ್. ನಾನು ಹಿಂದಿನಿಂದ ಹೇಳ್ತೀನಿ, ಕೇಳಿಸ್ಕೊಂಡು ಬಾ.’

‘ಹೊಸಬ್ರ ಥರಾನಾ? ಎಲ್ರೂ ನೋಡ್ತಿದ್ದಾರೆ ಕಣೇ. ನಿನ್ನ ಹಳದಿ ಅಂಗಿ ಕನ್ನಡೀಲಿ ಚೆನ್ನಾಗಿ ಕಾಣತ್ತೆ. ಹೋಗು.’

‘ಕಾಣತ್ತಾ? ನಿಜ ಹೇಳು.’

‘ಕಾಣತ್ತೆ ಅಂದ್ನಲ್ಲ, ಹೋಗು.’

ಅವಳು ಹೋಗಿ ನಿಂತಳು. ಗಾಡಿಯ ಹಿಂಬದಿಯ ಕ್ಯಾಮೆರಾದ ಪರದೆ ಅವನಿಗೆ ಬರೀ ಬೂದಿ ಬಳಿದ ತಟ್ಟೆ ಅನ್ನುವುದು ಅವಳಿಗೆ ಗೊತ್ತಿತ್ತು. ಕನ್ನಡಿಯೂ ಹಾಗೇ ಆಗಿದೆ ಅನ್ನುವುದು ಗೊತ್ತಿರಲಿಲ್ಲ. ಎಡಕ್ಕೆ ಕೈ ಬೀಸಿದಳು, ಗಾಡಿ ಎಡಕ್ಕೆ ಬಂತು. ಸದ್ಯ ಅಂದುಕೊಂಡಳು. ಬಲಕ್ಕೆ ಬೀಸಿದಳು, ಗಾಡಿ ಇನ್ನೂ ಎಡಕ್ಕೇ ಬಂತು. ಪಕ್ಕದ ಜಾಗದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನೆಬ್ರಾಸ್ಕಾದ ಜೊಯೆಟ್ ಅನ್ನುವ ಹೆಂಗಸು ತಣ್ಣಗಿನ ಚಹಾ ತರಲು ಆಗಷ್ಟೇ ಎದ್ದುಹೋಗಿದ್ದಳು. ಮಾರ್ಲಿಸ್ ಎರಡು ಕೈ ತಲೆಯ ಮೇಲೆ ಅಡ್ಡ ಹಿಡಿದಳು. ಗಾಡಿ ನಿಲ್ಲಲಿಲ್ಲ. ಹಾಗೇ ಹಿಡಿದುಕೊಂಡು ‘ವರ್ಲಿನ್!’ ಅಂತ ಕೂಗಿದಳು. ಎಂಜಿನ್ನಿನ ಗದ್ದಲದಲ್ಲಿ ಆ ಮೆಲುದನಿ ಎಲ್ಲಿಗೆ ಸಾಕು? ಗಾಡಿ ಜೊಯೆಟ್‌ಳ ಖಾಲಿ ಕುರ್ಚಿಯನ್ನು ಹಪ್ಪಳ ಮಾಡಿ, ಅದರಾಚೆಯ ನೀರಿನ ನಲ್ಲಿಯನ್ನು ಬುಡಸಮೇತ ಕಿತ್ತು ನಿಂತಿತು.

ನೀರು ಆಳೆತ್ತರಕ್ಕೆ ಚಿಮ್ಮಿತು. ಜನ ಓಡಿಬಂದರು. ಜೊಯೆಟ್ ಚಹಾದ ಲೋಟ ಹಿಡಿದು ತನ್ನ ಕುರ್ಚಿಯನ್ನೇ ನೋಡುತ್ತ ನಿಂತುಬಿಟ್ಟಳು. ವರ್ಲಿನ್ ಇಳಿದು ಬಂದ.

‘ಮಾರ್ಲಿಸ್, ಯಾಕೆ ನಿಲ್ಸು ಅನ್ನಲಿಲ್ಲ ನೀನು?’

ಜೊಯೆಟ್‌ಳ ಗಂಡ ಡೆಲ್ಬರ್ಟ್ ಮುಂದೆ ಬಂದ. ‘ಇಲ್ಲ ಕಣ್ರೀ, ಅವ್ರು ಕೈ ಅಡ್ಡ ಹಿಡಿದಿದ್ರು. ನಾನೇ ನೋಡ್ದೆ. ನಿಮಗೆ ಕಾಣಲಿಲ್ವಾ?’

ಎಲ್ಲರೂ ವರ್ಲಿನ್‌ನತ್ತ ತಿರುಗಿದರು. ಅವನು ಡೆಲ್ಬರ್ಟ್‌ನತ್ತ ನೋಡಲು ಹೋಗಿ ಅವನ ಭುಜದಾಚೆ ಎಲ್ಲೋ ನೋಡಿದ. ಅಷ್ಟು ಜನರ ನಡುವೆ, ತೋಯ್ದ ಅಂಗಿಯಲ್ಲಿ, ಬೆತ್ತಲೆ ನಿಂತವನ ಹಾಗೆ ಕಂಡ ಮಾರ್ಲಿಸ್‌ಗೆ. ಬಾಯಿ ತೆರೆಯಬೇಕಿದ್ದ ಗಳಿಗೆ ಅದು. ಅವಳು ಮಾತು ಹುಡುಕಬೇಕಾಗಿಯೂ ಇರಲಿಲ್ಲ, ಡೆಲ್ಬರ್ಟ್ ಆಡಿದ್ದಕ್ಕೆ ಹೌದು ಅಂದಿದ್ದರೆ ಸಾಕಿತ್ತು.

‘ಇಲ್ಲ, ತಪ್ಪು ನಂದೇ’ ಅಂದಳು. ‘ನಾನೆಲ್ಲೋ ನೋಡ್ತಾ ಇದ್ದೆ. ಗಾಡಿ ತಾಗಿದ ಮೇಲೆ ಕೈ ಎತ್ತಿದ್ದು.’

ಡೆಲ್ಬರ್ಟ್ ಹುಬ್ಬು ಗಂಟಿಕ್ಕಿದ. ‘ಹೌದಾ? ನಂಗೆ ಬೇರೆ ಥರ ಕಂಡಿತ್ತು’ ಅಂತ ಗೊಣಗಿ ಹಿಂದೆ ಸರಿದ. ಗಂಡ ಹೆಂಡಿರ ನಡುವೆ ಮೂರನೆಯವನು ಇದಕ್ಕಿಂತ ಹೆಚ್ಚು ಹೇಳಲಾರ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಚಾಕಲೇಟು ಬರ್ಫಿ, ಆಲೂಗಡ್ಡೆ ಸಲಾಡು ತಂದುಕೊಟ್ಟರು. ಯಾರಾದರೂ ಸತ್ತಾಗ ತಂದುಕೊಡುವ ತಿಂಡಿಗಳೇ ಅವು. ಜೊಯೆಟ್ ಅವಳ ಕೈ ಹಿಡಿದು ಕೂತಳು. ‘ನಮ್ಮಮ್ಮಂಗೂ ಮರೆವಿನ ಕಾಯಿಲೆ ಹೀಗೇ ಶುರುವಾಗಿದ್ದು ಕಣಮ್ಮ. ನಿಂತಲ್ಲೇ ಮೈಮರೆಯೋರು’ ಅಂದಳು. ಮಾರ್ಲಿಸ್ ಬರ್ಫಿ ತಿಂದಳು. ಆಚೆ ಗಂಡಸರ ಗುಂಪಿನಲ್ಲಿ ವರ್ಲಿನ್ ಚರ್ಚಿನ ದೀಪದ ಕಂಬದ ಕಥೆ ಹೇಳುತ್ತಿದ್ದ. ಅವರ ನಗು ಕೇಳಿಸುತ್ತಿತ್ತು. ಅವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅವಳು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನೀರು ಬಿಟ್ಟುಕೊಂಡು ಅತ್ತಳು.

ಆದರೂ ನಿರ್ಧಾರ ಬಿಟ್ಟಿರಲಿಲ್ಲ. ಹತ್ತು ಜನರ ಮುಂದೆ ಗಂಡನ ಮಾನ ಉಳಿಸಿದ್ದಾಯಿತು, ಮಗಳ ಮುಂದೆ ನಿಜ ಹೇಳಿದರಾಯಿತು, ಎರಡೂ ಬೇರೆ ಬೇರೆ ಅಂತ ತನಗೆ ತಾನೇ ಹೇಳಿಕೊಂಡಳು. ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಯ ಹಿಂದೆ ನಿಂತು ಟ್ರೇಸಿಗೆ ಫೋನು ಮಾಡಿದಳು.

‘ಅಮ್ಮಾ!’ ಅವಳು ಬಾಯಿ ತೆರೆಯುವ ಮೊದಲೇ ಟ್ರೇಸಿ ಶುರು ಮಾಡಿದಳು. ‘ನಿನ್ನೆ ಅಪ್ಪ ಫೋನ್ ಮಾಡಿದ್ರು. ನೀನು ಸ್ನಾನಕ್ಕೆ ಹೋಗಿದ್ದೆ ಅಂದ್ರು. ಎಲ್ಲಾ ಹೇಳಿದ್ರು.’

‘ಏನು ಹೇಳಿದ್ರು?’

‘ನೀನು ಆಗಾಗ ಮೈಮರೀತಿದ್ದೀಯ ಅಂತ. ಗಾಡಿ ಹಿಂದೆ ನಿಂತಿದ್ದೋಳು ಎಲ್ಲೋ ನೋಡ್ತಾ ನಿಂತುಬಿಟ್ಟೆ ಅಂತ. ಅತ್ತುಬಿಟ್ರು ಅಮ್ಮಾ. ಅಪ್ಪ ಅತ್ತಿದ್ದನ್ನ ನಾನು ಯಾವತ್ತೂ ಕೇಳಿಲ್ಲ.’

ಮಾರ್ಲಿಸ್ ಗೋಡೆಗೆ ಒರಗಿದಳು. ‘ಟ್ರೇಸಿ, ಇಲ್ಲಿ ಕೇಳು. ನಿಮ್ಮಪ್ಪಂಗೆ ಕಣ್ಣು ಕಾಣ್ತಾ ಇಲ್ಲ. ವಸಂತದಲ್ಲೇ ಡಾಕ್ಟ್ರು ಗಾಡಿ ಮುಟ್ಟಬೇಡಿ ಅಂದಿದ್ರು. ಇಲ್ಲೀವರೆಗೂ ದಾರಿ ಹೇಳ್ಕೊಂಡು ಬಂದಿದ್ದು ನಾನು.’

ಟ್ರೇಸಿ ಮಾತಾಡಿದಳು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ.

‘ಅಮ್ಮಾ, ನೀನು ಹೀಗೇ ಹೇಳ್ತೀಯ ಅಂತ ಅಪ್ಪ ನಿನ್ನೆನೇ ಹೇಳಿದ್ರು. ಅವಳನ್ನ ಬೈಬೇಡ, ಅವಳಿಗೆ ಹಾಗೇ ಅನ್ಸತ್ತೆ ಅಂದ್ರು. ತಪ್ಪು ನಂದೇ ಅಂತ ಎಲ್ರ ಮುಂದೆ ನೀನೇ ಒಪ್ಕೊಂಡ್ಯಂತೆ ಅಲ್ವಾ?’

‘ಒಪ್ಕೊಂಡೆ.’

‘ಮತ್ತೆ?’

ಮಾರ್ಲಿಸ್ ಪರ ಮಾತಾಡಿದ್ದ ಒಬ್ಬನೇ ಸಾಕ್ಷಿ ಡೆಲ್ಬರ್ಟ್, ಅವನನ್ನು ಅವಳೇ ಸುಳ್ಳು ಮಾಡಿದ್ದಳು. ‘ಡಾಕ್ಟ್ರಿಗೆ ಫೋನ್ ಮಾಡಿ ಕೇಳು’ ಅಂದಳು ಕಡೆಗೆ.

‘ಕೇಳ್ತೀನಿ ಅಮ್ಮಾ, ಖಂಡಿತ ಕೇಳ್ತೀನಿ. ಹಬ್ಬ ಮುಗೀಲಿ, ನಿಂಗೂ ಡಾಕ್ಟ್ರ ಹತ್ರ ಒಂದು ದಿನ ತಗೊಳ್ತೀನಿ. ನೀನು ಸುಮ್ನೆ ಅಪ್ಪ ಹೇಳಿದ ಹಾಗೆ ಕೇಳ್ಕೊಂಡು ಬಾ. ಪುಣ್ಯಕ್ಕೆ ಗಾಡಿ ಓಡಿಸೋದು ಅಪ್ಪ.’

ಅವಳು ವಾಪಸು ಬಂದಾಗ ವರ್ಲಿನ್ ಆಗಲೇ ಎಂಜಿನ್ನು ಶುರು ಮಾಡಿ ಕೂತಿದ್ದ. ಅವಳತ್ತ ತಿರುಗಲಿಲ್ಲ. ಏನು ಮಾತಾಡಿದೆ ಅಂತ ಕೇಳಲೂ ಇಲ್ಲ. ಇವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ಮಾಡಿದ್ದಾನೆ ಅಂತ ಮಾರ್ಲಿಸ್‌ಗೆ ಖಾತ್ರಿಯಾಯಿತು. ಕೆಳಗೇ ನಿಂತು ಅವನನ್ನು ನೋಡಿದಳು. ಹತ್ತುವುದಿಲ್ಲ ಅನ್ನಬಹುದಿತ್ತು. ಆಗ ಇವನು ಒಬ್ಬನೇ ಹೊರಡುತ್ತಾನೆ. ಮುಂದೆ ರಸ್ತೆಯಲ್ಲಿ ಇನ್ನೆಷ್ಟು ಕಡೆ ರಿಪೇರಿ ನಡೆದಿದೆಯೋ, ಎಷ್ಟು ಹುಡುಗಿಯರು ಹಲಗೆ ಹಿಡಿದು ನಿಂತಿದ್ದಾರೋ.

‘ಬರ್ತೀಯಾ, ಇಲ್ವಾ?’ ಅಂದ ವರ್ಲಿನ್.

ಅವಳು ಹತ್ತಿ ಕೂತು ಬೆಲ್ಟು ಹಾಕಿಕೊಂಡಳು. ಎರಡೂ ಕಡೆ ನೋಡಿದಳು.

‘ಖಾಲಿ ಇದೆ’ ಅಂದಳು. ‘ಹೊರಡು.’