ದುರುಗಮ್ಮನ ಪಾಲಾದ ಗಡಿಗೆ

ಗೆಳೆಯರೇ, ಊರೂರಿನ ಶೇಂದಿ ಕೊಂಡು ಗಂಗಾವತಿಗೆ ತರುತ್ತೇವೆಂದು ಹೊರಟ ನಮಗೆ ಇವತ್ತು ಸಿಕ್ಕಿದ್ದು ಕುಕನೂರಿನ ಒಂದೇ ಗಡಿಗೆ. ಈಚಲು ಮರದಿಂದ ಬೆಳಿಗ್ಗೆಯಷ್ಟೇ ಇಳಿದದ್ದು. ಜೀಪು ಕುಲುಕಿದಾಗಲೆಲ್ಲ ಒಳಗೆ ನೊರೆ ಉಸಿರಾಡುತ್ತಿತ್ತು. ಟ್ರಾನ್ಸಿಸ್ಟರ್ ಏನೋ ಗುನುಗುತ್ತಿತ್ತು. ಶೇಂದಿಯ ವಾಸನೆಗೇ ನನಗೂ ಜೊತೆಗಿದ್ದ ಬಸಣ್ಣನಿಗೂ ರಸ್ತೆ ತೇಲುತ್ತಿರುವಂತೆ ಕಂಡಿತು.

ಕೊಪ್ಪಳ ದಾಟಿದ ಮೇಲೆ, ಹುಲಿಗಿಯ ದೇವಿಯ ಗುಡಿಗೆ ನಡೆದು ಹೊರಟಿದ್ದ ಅಜ್ಜಿಯೊಬ್ಬಳನ್ನು ಹತ್ತಿಸಿಕೊಂಡೆವು. ಅವಳು ಗಡಿಗೆಯನ್ನು ತೊಡೆಯ ಮೇಲಿಟ್ಟು, ಸೆರಗು ಹೊದಿಸಿ, ಕೂಸನ್ನು ಹಿಡಿದಂತೆ ಕೂತಳು. ಬಸಣ್ಣ ತಡೆಯಲಾರದೆ ಲೋಟ ಚಾಚಿದ.

"ಕೈ ತಗೀಯಪ್ಪಾ. ಹುಲಿಗಿಗೆ ಹೊಂಟ ಮಂದಿ ನೀವು. ದಾರ್ಯಾಗಿನ ದುರುಗಮ್ಮಗ ಒಯ್ಯೂದನ್ನ ಎಂಜಲ ಮಾಡ್ತೀರೇನು?"

ಇದು ನಮಗಾಗಿ ತಂದದ್ದು ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಬಸಣ್ಣ ಲೋಟವನ್ನು ಜೇಬಿಗಿಳಿಸಿ, "ಇಲ್ಲಬೇ, ಸುಮ್ನ ನೋಡಿದ್ನಿ" ಎಂದ.

ಹುಲಿಗಿಯ ಹೊರಗೆ, ಬೇವಿನ ಬುಡದ ದುರುಗಮ್ಮನ ಕಲ್ಲಿಗೆ ಅವಳು ಹನಿ ಉಳಿಸದೆ ಸುರಿದಳು. ಬಿಳಿ ನೊರೆ ಕಲ್ಲಿನ ಮೇಲೆ ಹರಿದು ಹೊಳೆಗಾಳಿಗೆ ಮೆಲ್ಲಗೆ ಆರಿತು. "ಛಲೋ ಹುಡುಗ್ರದೀರಿ" ಎಂದು ನಮ್ಮ ತಲೆ ಸವರಿ ಹೋದಳು.

ಖಾಲಿ ಗಡಿಗೆ ತಂದಿದ್ದೇವೆ, ಬೇಕಾದವರು ಮೂಸಿ ನೋಡಬಹುದು. ರುಚಿ ಹೇಗಿತ್ತೆಂದು ಮಾತ್ರ ದುರುಗಮ್ಮನನ್ನೇ ಕೇಳಬೇಕು.